ಬೈಕ್ ಒಂದೇ, ಅಂಗಡಿ ಮೂರು: ಎಲ್ಲಿ ತಗೊಳ್ಳೋದು?

ಹೋದ ವರ್ಷ ತಮ್ಮನಿಗೆ ಬೈಕ್ ತೆಗೆದುಕೊಳ್ಳಬೇಕಿತ್ತು. ಮಾಡೆಲ್ ಅವನೇ ಆರಿಸಿದ್ದ. 160 ಸಿಸಿ ಗಾಡಿ, ನೀಲಿ ಬಣ್ಣ. ಅದರಲ್ಲಿ ಎರಡು ಮಾತಿರಲಿಲ್ಲ. ಉಳಿದಿದ್ದು ಎಲ್ಲಿ ತೆಗೆದುಕೊಳ್ಳುವುದು ಅನ್ನುವ ಪ್ರಶ್ನೆ. ನಮ್ಮದು ತಿಪಟೂರು. ಊರಲ್ಲೇ ಸಬ್ ಡೀಲರ್ ಇದ್ದಾರೆ. ಸುಮಾರು 75 ಕಿಲೋಮೀಟರ್ ಹೋದರೆ ತುಮಕೂರಿನಲ್ಲಿ ಮೇನ್ ಡೀಲರ್. ಇನ್ನೂ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಬೆಂಗಳೂರು, ಅಲ್ಲಿ ಬಡಾವಣೆಗೊಂದು ಶೋರೂಮ್.

ಮೂರೂ ಕಡೆಯಿಂದ ಕೊಟೇಶನ್ ತಂದೆವು. ರಾತ್ರಿ ಊಟ ಆದ ಮೇಲೆ ನಡುಮನೆಯಲ್ಲಿ ಹರಡಿಕೊಂಡು ಕೂತೆವು. ಎಕ್ಸ್ ಶೋರೂಮ್ ಬೆಲೆ, ಅಂದರೆ ಲೈಫ್ ಟ್ಯಾಕ್ಸ್, ವಿಮೆ ಎಲ್ಲ ಸೇರುವ ಮುಂಚಿನ ಬೆಲೆ, ಮೂರರಲ್ಲೂ ಒಂದೇ. ಆದರೆ ಕೆಳಗಿನ ಮೊತ್ತ ನೋಡಿದರೆ ಎಲ್ಲಕ್ಕಿಂತ ಜಾಸ್ತಿ ಬರೆದವರಿಗೂ ಕಡಿಮೆ ಬರೆದವರಿಗೂ 11 ಸಾವಿರ ವ್ಯತ್ಯಾಸ. ಗಾಡಿ ಅದೇ, ಇಂಜಿನ್ ಅದೇ. ಹಾಗಾದರೆ ಈ 11 ಸಾವಿರ ಯಾವುದಕ್ಕೆ?

ಅವತ್ತು ನನಗೆ ಖಚಿತವಾಗಿದ್ದು ಇಷ್ಟು. ನಾವು ತಿಂಗಳುಗಟ್ಟಲೆ ಯೂಟ್ಯೂಬ್ ನೋಡಿ ಮಾಡೆಲ್ ಆರಿಸುತ್ತೇವೆ, ಡೀಲರನ್ನು ಮಾತ್ರ ಐದು ನಿಮಿಷದಲ್ಲಿ ಆರಿಸುತ್ತೇವೆ. ಆದರೆ ಮುಂದಿನ ಐದು ವರ್ಷ ನಾವು ಒಡನಾಡುವುದು ಆ ಡೀಲರ್ ಜೊತೆಗೆ. ಅದಕ್ಕೇ ಡೀಲರ್‌ಗಳನ್ನು ಹೋಲಿಸಿ ನೋಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಟೇಶನ್ ಓದಿ

ಒಬ್ಬ ಡೀಲರ್ ಹೇಗೆ ಅಂತ ಅವರು ಕೊಡುವ ಕೊಟೇಶನ್ನೇ ಹೇಳುತ್ತದೆ. ಒಬ್ಬರು ಪ್ರತಿ ಬಾಬ್ತನ್ನೂ ಬಿಡಿಸಿ ಬರೆಯುತ್ತಾರೆ. ಇನ್ನೊಬ್ಬರು ವಿಸಿಟಿಂಗ್ ಕಾರ್ಡ್ ಹಿಂದೆ ಎಲ್ಲ ಸೇರಿದ ಆನ್ ರೋಡ್ ಬೆಲೆ ಒಂದನ್ನೇ ಗೀಚಿ ಕೊಡುತ್ತಾರೆ. ಎರಡನೆಯವರನ್ನು ನಾನು ಅಲ್ಲಿಗೇ ಬಿಡುತ್ತೇನೆ.

ಇದರಲ್ಲಿ ಸರ್ಕಾರಕ್ಕೆ ಹೋಗುವ ಹಣ ಎಲ್ಲ ಕಡೆ ಒಂದೇ. ಕರ್ನಾಟಕದಲ್ಲಿ ಬೈಕ್‌ಗೆ ಒಂದೇ ಸಲ ಲೈಫ್ ಟ್ಯಾಕ್ಸ್ ಕಟ್ಟುತ್ತೇವೆ. 50 ಸಾವಿರದಿಂದ ಒಂದು ಲಕ್ಷದವರೆಗಿನ ಗಾಡಿಗೆ ಶೇ 12, ಲಕ್ಷ ದಾಟಿದರೆ ಶೇ 18, ಅದರ ಮೇಲೆ ಸೆಸ್. ಜಿಎಸ್‌ಟಿ ಎಕ್ಸ್ ಶೋರೂಮ್ ಬೆಲೆಯಲ್ಲೇ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳಿಗೆ ಅದು ಶೇ 28ರಿಂದ 18ಕ್ಕೆ ಇಳಿದಿದೆ, 350 ದಾಟಿದವಕ್ಕೆ ಶೇ 40 ಆಗಿದೆ. ಇಲ್ಲಿ ಯಾವ ಡೀಲರೂ ನಿಮಗೆ ಬಿಟ್ಟು ಕೊಡಲಾರ, ಜಾಸ್ತಿ ಹಾಕಲೂ ಬಾರದು.

ವ್ಯತ್ಯಾಸ ಬರುವುದು ಇನ್ಶೂರೆನ್ಸ್‌ನಲ್ಲಿ. ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ) 2018ರಿಂದ ಕಡ್ಡಾಯ. ಅದರ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿವರೆಗೆ ಐದು ವರ್ಷಕ್ಕೆ 3,851 ರೂಪಾಯಿ, 150ರಿಂದ 350 ಸಿಸಿಗೆ 7,365, ಅದಕ್ಕೂ ಮೇಲಾದರೆ 15,117. ಇದರ ಮೇಲೆ ಜಿಎಸ್‌ಟಿ. ಇಷ್ಟು ಎಲ್ಲೇ ಹೋದರೂ ಕೊಡಲೇಬೇಕು. ಇದರ ಜೊತೆ ಬರುವ ಓನ್ ಡ್ಯಾಮೇಜ್ (ನಮ್ಮ ಗಾಡಿಯ ಹಾನಿಗೆ), ಜೀರೋ ಡೆಪ್ರಿಸಿಯೇಶನ್ (ಸವಕಳಿ ಕಳೆಯದೆ ಪರಿಹಾರ), ಇತರ ಆಡ್ ಆನ್‌ಗಳ ದರ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ನಮ್ಮ ಮೂರು ಕೊಟೇಶನ್‌ಗಳಲ್ಲಿ 11 ಸಾವಿರದ ಅರ್ಧದಷ್ಟು ಇಲ್ಲೇ ಇತ್ತು. "ವಿಮೆ ನಾವೇ ಹೊರಗಡೆ ಮಾಡಿಸಿಕೊಳ್ಳುತ್ತೇವೆ" ಅಂತ ಒಂದು ಮಾತು ಹೇಳಿ ನೋಡಿ. ನಮ್ಮಲ್ಲೇ ಮಾಡಿಸಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲೇ ಅದಿದೆ. ಒಳ್ಳೆಯ ಡೀಲರ್ "ಆಯ್ತು ಸಾರ್, ಪಾಲಿಸಿ ಕಾಪಿ ಮಾತ್ರ ರಿಜಿಸ್ಟ್ರೇಶನ್‌ಗೆ ಮುಂಚೆ ಕೊಡಿ" ಅನ್ನುತ್ತಾರೆ. "ಹಾಗಾದ್ರೆ ಗಾಡಿ ಎರಡು ತಿಂಗಳು ಆಗುತ್ತೆ" ಅಂದವರ ಹತ್ತಿರ ಮುಂದೆ ಸರ್ವಿಸ್ ಹೇಗಿರಬಹುದು ಅಂತ ಅಲ್ಲೇ ಅಂದಾಜು ಸಿಗುತ್ತದೆ.

ಇನ್ನು ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಫೈಲ್ ಚಾರ್ಜ್ ಅಂತ ಬರುವ ಸಾಲುಗಳು. ಇವು ಯಾವುವೂ ಸರ್ಕಾರಿ ಶುಲ್ಕ ಅಲ್ಲ. ಇದು ಯಾವುದಕ್ಕೆ, ರಸೀದಿ ಕೊಡುತ್ತೀರಾ ಅಂತ ಕೇಳಿ. ಬೆಂಗಳೂರಿನ ಕೊಟೇಶನ್‌ನಲ್ಲಿ ಈ ಸಾಲಿಗೆ 2,500 ಇತ್ತು. ರಸೀದಿ ಕೇಳಿದ ಮೇಲೆ ತೆಗೆದುಹಾಕಿದರು. ಹೆಲ್ಮೆಟ್‌ಗೂ ಪ್ರತ್ಯೇಕ ದುಡ್ಡು ಹಾಕಿದ್ದರು. ಬೈಕ್ ಮಾರುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಹೇಳಿದೆ. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕೂಡ ಕಂಪನಿ ಕಡೆಯಿಂದಲೇ ಬರಬೇಕು. ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಟೆಫ್ಲಾನ್ ಕೋಟಿಂಗ್ ನಿಮಗೆ ಬೇಕಿದ್ದರೆ ಹಾಕಿಸಿ. "ಕಿಟ್ ಕಡ್ಡಾಯ" ಅಂದರೆ ಕಡ್ಡಾಯ ಅಂತ ಬರೆದು ಕೊಡಿ ಅನ್ನಿ. ನನಗಂತೂ ಇವತ್ತಿನವರೆಗೆ ಯಾರೂ ಬರೆದು ಕೊಟ್ಟಿಲ್ಲ.

ಸಾಲ ಮಾಡುವವರು ಇನ್ನೊಂದು ವಿಷಯ ನೋಡಬೇಕು. ಶೋರೂಮ್‌ನಲ್ಲಿ ಕೂತ ಫೈನಾನ್ಸ್‌ನವರು "ಬರೀ 9 ಪರ್ಸೆಂಟ್ ಬಡ್ಡಿ" ಅನ್ನುತ್ತಾರೆ. ಅದು ಫ್ಲ್ಯಾಟ್ ರೇಟ್, ಅಂದರೆ ಅಸಲು ತೀರುತ್ತಾ ಬಂದರೂ ಮೊದಲಿನ ಪೂರ್ತಿ ಸಾಲಕ್ಕೇ ಬಡ್ಡಿ. ಒಂದು ಲಕ್ಷವನ್ನು ಮೂರು ವರ್ಷಕ್ಕೆ ತೆಗೆದುಕೊಂಡರೆ 27 ಸಾವಿರ ಬಡ್ಡಿ, ತಿಂಗಳಿಗೆ ಸುಮಾರು 3,528 ರೂಪಾಯಿ ಕಂತು. ತೀರುತ್ತಾ ಹೋಗುವ ಅಸಲಿಗೆ ಲೆಕ್ಕ ಹಾಕಿದರೆ ಇದು ನಿಜವಾಗಿ ಶೇ 16ರ ಸುಮಾರು ಬೀಳುತ್ತದೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಎಲ್ಲ ರೀಟೇಲ್ ಸಾಲಕ್ಕೂ ಒಂದು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಬೇಕು. ಅದರಲ್ಲಿ ಎಪಿಆರ್ (ಶುಲ್ಕಗಳೂ ಸೇರಿದ ವಾರ್ಷಿಕ ದರ) ಅಂತ ಒಂದು ಸಂಖ್ಯೆ ಇರುತ್ತದೆ. ಅದನ್ನು ಹೋಲಿಸಿ. ಅದೇ ನಿಜವಾದ ಬಡ್ಡಿ.

ಊರಿನ ಸಬ್ ಡೀಲರ್

ನನ್ನ ಮೊದಲ ಬೈಕ್ ಇಲ್ಲೇ ತೆಗೆದುಕೊಂಡಿದ್ದು. ಒಳಗೆ ಹೋದರೆ ಗುರುತು ಹಿಡಿದು ಮಾತಾಡಿಸುತ್ತಾರೆ. "ಬಾರಣ್ಣ, ಕೂತ್ಕೋ, ಅಪ್ಪಾಜಿ ಹುಷಾರಾಗಿದ್ದಾರಾ?" ಈ ಮಾತಿಗೆ ಬೆಲೆ ಇದೆ, ನಾನು ಅದನ್ನು ಕಡೆಗಣಿಸುವುದಿಲ್ಲ. ರಾತ್ರಿ ಎಂಟು ಗಂಟೆಗೆ ಕ್ಲಚ್ ಕೇಬಲ್ ಕಟ್ಟಾದಾಗ ಮನೆಯಿಂದ ಬಂದು ಶಟರ್ ಎತ್ತಿ ಹಾಕಿ ಕೊಟ್ಟವರು ಅವರೇ.

ಕಷ್ಟ ಬಂದಿದ್ದು ಪೇಪರ್ ವಿಷಯದಲ್ಲಿ. "ಗಾಡಿ ತಗೊಂಡೋಗಣ್ಣ, ನಂಬರ್ ಒಂದು ವಾರದಲ್ಲಿ ಬರುತ್ತೆ" ಅಂದಿದ್ದರು. ಬರಲು ಏಳು ವಾರ ಆಯಿತು. ಸಬ್ ಡೀಲರ್ ಅಂದರೆ ಸಾಮಾನ್ಯವಾಗಿ ಮೇನ್ ಡೀಲರ್‌ನಿಂದ ಗಾಡಿ ತಂದು ಮಾರುವವರು. ಬಿಲ್ ಆಗುವುದು ಮೇನ್ ಡೀಲರ್ ಹೆಸರಲ್ಲಿ, ರಿಜಿಸ್ಟ್ರೇಶನ್ ಅರ್ಜಿ ಹೋಗುವುದೂ ಅಲ್ಲಿಂದಲೇ. ನಮ್ಮ ದುಡ್ಡು ಅವರಿಗೆ ತಲುಪುವವರೆಗೆ ಫೈಲ್ ಮುಂದೆ ಹೋಗುವುದಿಲ್ಲ. ಆ ಏಳು ವಾರ ನಾನು ನಂಬರ್ ಇಲ್ಲದ ಗಾಡಿ ಓಡಿಸಿದೆ. ಅದು ಎಷ್ಟು ದೊಡ್ಡ ತಪ್ಪು ಅಂತ ಆಗ ನನಗೆ ಗೊತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೆಂಪರರಿ ಆಗಲಿ, ಪರ್ಮನೆಂಟ್ ಆಗಲಿ, ನೋಂದಣಿ ಇಲ್ಲದೆ ಡೀಲರ್ ಗಾಡಿಯನ್ನು ಗ್ರಾಹಕನ ಕೈಗೆ ಕೊಡುವ ಹಾಗೇ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮ 42 ಅದನ್ನೇ ಹೇಳುತ್ತದೆ. ಪೊಲೀಸರು ಹಿಡಿದರೆ ದಂಡ 5 ಸಾವಿರದವರೆಗೆ. ಅದಾದರೂ ಕಟ್ಟಿ ಮುಗಿಸಬಹುದು. ವಿಮೆ ಹಾಗಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಟೆಂಪರರಿ ನೋಂದಣಿ ಮುಗಿದು ಮೂರು ವಾರ ಆಗಿತ್ತು, ಅಷ್ಟರಲ್ಲಿ ಗಾಡಿ ಅಪಘಾತವಾಯಿತು. ನೋಂದಣಿ ಇಲ್ಲದೆ ರಸ್ತೆಗಿಳಿಸಿದ್ದೇ ಪಾಲಿಸಿ ಷರತ್ತಿನ ಮೂಲಭೂತ ಉಲ್ಲಂಘನೆ ಅಂತ ಹೇಳಿ ಕೋರ್ಟ್ ಕ್ಲೇಮ್ ಕೊಡಿಸಲಿಲ್ಲ. ಹೊಸ ಗಾಡಿಗೆ ಸಾವಿರಾರು ರೂಪಾಯಿ ವಿಮೆ ಕಟ್ಟಿಯೂ ಏನೂ ಸಿಗದ ಹಾಗಾಗುತ್ತದೆ ಅಲ್ವಾ?

ಹಾಗಂತ ಸಬ್ ಡೀಲರ್ ಬೇಡವೇ ಬೇಡ ಅನ್ನುವುದಿಲ್ಲ. ದಿನಾ ತೋಟಕ್ಕೆ, ಮಂಡಿಗೆ ಓಡಾಡುವ 100, 125 ಸಿಸಿ ಗಾಡಿಗೆ ಹತ್ತಿರದಲ್ಲಿ ಮೆಕ್ಯಾನಿಕ್ ಇರುವುದೇ ದೊಡ್ಡ ಅನುಕೂಲ. ಆದರೆ ಮೂರು ಪ್ರಶ್ನೆ ಕೇಳಿ. ನಿಮ್ಮ ಮೇನ್ ಡೀಲರ್ ಯಾರು? ದುಡ್ಡು ಅವರ ಖಾತೆಗೇ ಹಾಕಬಹುದಾ? ಇಲ್ಲಿರುವ ಸರ್ವಿಸ್ ಕಂಪನಿ ಒಪ್ಪಿದ್ದಾ? ಮೂರನೆಯದು ಬಹಳ ಮುಖ್ಯ. ಮಾರಲು ಒಪ್ಪಿಗೆ ಇದ್ದು, ವಾರಂಟಿ ಕೆಲಸ ಮಾಡಲು ಒಪ್ಪಿಗೆ ಇಲ್ಲದ ಅಂಗಡಿಗಳಿವೆ. ಅಂಥ ಕಡೆ ಫ್ರೀ ಸರ್ವಿಸ್‌ಗೂ ಜಿಲ್ಲಾ ಕೇಂದ್ರಕ್ಕೇ ಹೋಗಬೇಕಾಗುತ್ತದೆ.

ಜಿಲ್ಲೆಯ ಮೇನ್ ಡೀಲರ್, ಬೆಂಗಳೂರಿನ ದೊಡ್ಡ ಶೋರೂಮ್

ತುಮಕೂರಿನಲ್ಲಿ ನಮ್ಮನ್ನು ಹತ್ತು ನಿಮಿಷ ಯಾರೂ ಮಾತಾಡಿಸಲಿಲ್ಲ. ನಂತರ ಬಂದ ಹುಡುಗಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ಯಾವ ಗಾಡಿ ಗೋಡೌನ್‌ನಲ್ಲಿದೆ, ಯಾವುದು ದಾರಿಯಲ್ಲಿದೆ ಅಂತ ಕಂಪ್ಯೂಟರ್ ನೋಡಿ ಹೇಳಿದರು. ಚಾಸಿ ನಂಬರ್ ಕೇಳಿದಾಗ ಬರೆದುಕೊಟ್ಟರು. ತಯಾರಾದ ತಿಂಗಳು ಯಾವುದು ಅಂತ ಕೇಳಿದೆ, ಎರಡು ತಿಂಗಳ ಹಿಂದಿನದು ಅಂದರು. ಇದನ್ನು ಎಲ್ಲರೂ ಕೇಳಲೇಬೇಕು. ಡಿಸೆಂಬರ್‌ನಲ್ಲಿ ತಯಾರಾದ ಗಾಡಿಯನ್ನು ಮಾರ್ಚ್‌ನಲ್ಲಿ ಕೊಂಡರೂ ಆರ್‌ಸಿಯಲ್ಲಿ ಹಿಂದಿನ ವರ್ಷವೇ ಬರುತ್ತದೆ. ಮಾರುವಾಗ ಒಂದು ವರ್ಷ ಹಳೆಯದಾಗಿ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರಿನಲ್ಲಿ ಸ್ವಾಗತ ಜೋರಾಗಿತ್ತು. ಕಾಫಿ, ಎಸಿ, ಟೆಸ್ಟ್ ರೈಡ್‌ಗೆ ನಾಲ್ಕು ಗಾಡಿ. ರಿಯಾಯಿತಿಯನ್ನೂ ಅವರೇ ಮೊದಲು ಮಾತಾಡಿದರು. ಊರಲ್ಲಿ ಟೆಸ್ಟ್ ರೈಡ್ ಅಂದರೆ "ಅದೇನು ಸೈಕಲ್ಲಾ ನೋಡೋಕೆ, ಎಲ್ಲಾ ಒಂದೇ ಇರುತ್ತಣ್ಣ" ಅನ್ನುತ್ತಾರೆ. ಹಾಗಾಗಿ ಗಾಡಿ ಓಡಿಸಿ ನೋಡಲು ಬೆಂಗಳೂರೇ ಸರಿ. ನಾಲ್ಕೈದು ಶೋರೂಮ್ ಅಕ್ಕಪಕ್ಕ ಇರುವುದರಿಂದ ಬೆಲೆ ಮಾತಾಡುವ ಬಲವೂ ನಮಗಿರುತ್ತದೆ. ಆದರೆ ಬುಕ್ಕಿಂಗ್ ಆದ ಮೇಲೆ ಆ ಸೇಲ್ಸ್ ಹುಡುಗ ಫೋನ್ ಎತ್ತುವುದು ಕಡಿಮೆಯಾಗುತ್ತದೆ. ನನ್ನ ಭಾವ ಅಲ್ಲಿ ತೆಗೆದುಕೊಂಡಿದ್ದರು. ಆರ್‌ಸಿ ಕೇಳಲು ಹೋದರೆ ಮಾರಿದ ಹುಡುಗ ಕೆಲಸ ಬಿಟ್ಟು ಹೋಗಿದ್ದ, ಹೊಸಬನಿಗೆ ಏನೂ ಗೊತ್ತಿರಲಿಲ್ಲ. ತಿಪಟೂರಿನಿಂದ ಎರಡು ಸಲ ಓಡಾಡಿದರು. ಉಳಿಸಿದ ಮೂರು ಸಾವಿರ ಬಸ್ ಚಾರ್ಜು, ಎರಡು ದಿನದ ಸಂಬಳದಲ್ಲಿ ಹೋಯಿತು.

ನೀವು ಬೆಂಗಳೂರಲ್ಲೇ ಇರುವವರಾದರೆ ಮನೆಯಿಂದ ಐದಾರು ಕಿಲೋಮೀಟರ್ ಒಳಗಿನ ಡೀಲರನ್ನೇ ಹುಡುಕಿ. ಊರಾಚೆಯ ಶೋರೂಮ್‌ನಲ್ಲಿ ಎರಡು ಸಾವಿರ ಕಡಿಮೆ ಅಂತ ಹೋದರೆ ಪ್ರತಿ ಸರ್ವಿಸ್‌ಗೂ ಅರ್ಧ ದಿನ ಟ್ರಾಫಿಕ್‌ನಲ್ಲೇ ಕಳೆಯುತ್ತದೆ. ವಾರಂಟಿ ಮತ್ತು ಫ್ರೀ ಸರ್ವಿಸ್ ಅದೇ ಕಂಪನಿಯ ಯಾವ ಅಧಿಕೃತ ಕೇಂದ್ರದಲ್ಲೂ ನಡೆಯುತ್ತದೆ ನಿಜ. ಆದರೂ ಜಗಳದ ವಿಷಯ ಬಂದಾಗ "ಎಲ್ಲಿ ತಗೊಂಡ್ರೋ ಅಲ್ಲೇ ಕೇಳಿ ಸಾರ್" ಅನ್ನುವ ಮಾತು ಬಂದೇ ಬರುತ್ತದೆ.

ಎಲೆಕ್ಟ್ರಿಕ್ ಗಾಡಿ ನೋಡುತ್ತಿರುವವರಿಗೆ ಒಂದು ಮಾತು. ಕೆಲವು ಕಂಪನಿಗಳಿಗೆ ಡೀಲರ್ ಇಲ್ಲ, ಕಂಪನಿಯೇ ನಡೆಸುವ ಮಳಿಗೆಗಳು. ಮೊಬೈಲ್‌ನಲ್ಲೇ ಬುಕ್ಕಿಂಗ್, ಬೆಲೆ ಎಲ್ಲರಿಗೂ ಒಂದೇ, ಚೌಕಾಸಿಯ ತಲೆನೋವಿಲ್ಲ. ಆದರೆ ಏನಾದರೂ ಆದರೆ ಎದುರಿಗೆ ಮಾಲೀಕ ಅಂತ ಒಬ್ಬ ಮನುಷ್ಯ ಇರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ಒಬ್ಬ ಗ್ರಾಹಕ, ರಿಪೇರಿ ಸರಿಯಾಗಲಿಲ್ಲ ಅನ್ನುವ ಸಿಟ್ಟಿಗೆ ಓಲಾ ಎಲೆಕ್ಟ್ರಿಕ್ ಶೋರೂಮ್‌ಗೇ ಬೆಂಕಿ ಹಚ್ಚಿದ ಆರೋಪದಲ್ಲಿ ಬಂಧನವಾದ. ಮರುತಿಂಗಳು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದೇ ಕಂಪನಿಗೆ ನೋಟಿಸ್ ಕೊಟ್ಟಿತು. ಒಂದು ವರ್ಷದಲ್ಲಿ ಸಹಾಯವಾಣಿಗೆ 10 ಸಾವಿರಕ್ಕೂ ಹೆಚ್ಚು ದೂರು ಬಂದಿದ್ದವು. ಬೆಂಕಿ ಹಚ್ಚುವುದನ್ನು ಯಾರೂ ಒಪ್ಪುವುದಿಲ್ಲ. ಆದರೆ ಮಾರುವ ವೇಗಕ್ಕೆ ತಕ್ಕ ಹಾಗೆ ಸರ್ವಿಸ್ ಬೆಳೆಯದಿದ್ದರೆ ಗ್ರಾಹಕ ಎಷ್ಟು ಹತಾಶನಾಗುತ್ತಾನೆ ಅಂತ ಅದರಿಂದ ಗೊತ್ತಾಗುತ್ತದೆ. ನಿಮ್ಮ ಊರಿಗೆ ಹತ್ತಿರ ಸರ್ವಿಸ್ ಕೇಂದ್ರ ಇಲ್ಲದ ಎಲೆಕ್ಟ್ರಿಕ್ ಗಾಡಿಯನ್ನು ನಾನಂತೂ ತೆಗೆದುಕೊಳ್ಳುವುದಿಲ್ಲ. ಅದನ್ನು ಬೀದಿಬದಿಯ ಮೆಕ್ಯಾನಿಕ್ ಬಿಚ್ಚಲು ಆಗುವುದಿಲ್ಲ.

ಸರ್ವಿಸ್ ಬಾಗಿಲಲ್ಲಿ ನಿಂತು ನೋಡಿ

ಶೋರೂಮ್ ಮುಂಬಾಗಿಲು ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. ಹಿಂಬಾಗಿಲಿಗೆ ಹೋಗಿ. ನಾವು ತುಮಕೂರಿಗೆ ಎರಡನೇ ಸಲ ಹೋಗಿದ್ದು ಒಂದು ಶನಿವಾರ ಬೆಳಗ್ಗೆ, ಬೇಕೆಂದೇ. ಸರ್ವಿಸ್‌ಗೆ ಜನ ಜಾಸ್ತಿ ಬರುವ ದಿನ ಅದು. ಒಂದು ಗಂಟೆ ಸುಮ್ನೆ ನಿಂತಿದ್ದೆವು. ಸರ್ವಿಸ್ ಅಡ್ವೈಸರ್ ಗಾಡಿ ಸುತ್ತ ಒಂದು ಸುತ್ತು ಹೋಗಿ, ಗ್ರಾಹಕ ಹೇಳಿದ್ದನ್ನು ಜಾಬ್ ಕಾರ್ಡ್‌ನಲ್ಲಿ ಬರೆದು, ಅಂದಾಜು ಖರ್ಚು ಹೇಳಿ ಸಹಿ ತೆಗೆದುಕೊಳ್ಳುತ್ತಿದ್ದರು. ಇಷ್ಟಿದ್ದರೆ ಅರ್ಧ ಗೆದ್ದ ಹಾಗೆ. "ಬಿಟ್ಟು ಹೋಗಿ ಸಾರ್, ಸಂಜೆ ಫೋನ್ ಮಾಡ್ತೀವಿ" ಅಂತ ಕೀಲಿ ತೆಗೆದುಕೊಂಡು ಕಳಿಸುವ ಕಡೆ, ಸಂಜೆ ಬರುವ ಬಿಲ್ ನೋಡಿ ಗಾಬರಿ ಆಗುತ್ತದೆ.

ಗಾಡಿ ವಾಪಸ್ ತೆಗೆದುಕೊಳ್ಳಲು ಬಂದವರನ್ನು ಮಾತಾಡಿಸಿ. ಸೇಲ್ಸ್‌ನವರು ಹೇಳದ್ದನ್ನು ಅವರು ಹೇಳುತ್ತಾರೆ. ನಾವು ಆರು ಜನರನ್ನು ಕೇಳಿದೆವು. ನಾಲ್ವರು ಪರವಾಗಿಲ್ಲ ಅಂದರು. ಒಬ್ಬರು ಪಾರ್ಟ್ಸ್ ತಡ ಅಂದರು. ಇನ್ನೊಬ್ಬರು ಇಂಜಿನ್ ಶಬ್ದಕ್ಕೆ ಮೂರನೇ ಸಲ ಬಂದಿದ್ದೇನೆ ಅಂದರು. ಆದರೆ ಈ ಸಲ ವರ್ಕ್ಸ್ ಮ್ಯಾನೇಜರ್ರೇ ಅವರ ಜೊತೆ ಗಾಡಿ ಓಡಿಸಿ ನೋಡಲು ಹೋಗಿದ್ದರಂತೆ. ನನಗೆ ಆ ಕೊನೆಯ ಉತ್ತರವೇ ಹೆಚ್ಚು ಹಿಡಿಸಿತು. ತೊಂದರೆ ಬರದ ಅಂಗಡಿ ಯಾವುದೂ ಇಲ್ಲ. ತೊಂದರೆ ಬಂದಾಗ ಮೇಲಿನವರು ಕುರ್ಚಿ ಬಿಟ್ಟು ಏಳುತ್ತಾರಾ ಅನ್ನುವುದೇ ನೋಡಬೇಕಾದ್ದು.

ಫ್ರೀ ಸರ್ವಿಸ್ ಅಂದರೆ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರ್ ದುಡ್ಡು ನಾವೇ ಕೊಡಬೇಕು. ಮೊದಲ ಸರ್ವಿಸ್ ಹಲವು ಗಾಡಿಗಳಿಗೆ 500ರಿಂದ 750 ಕಿಲೋಮೀಟರ್ ಅಥವಾ ಒಂದೂವರೆ ತಿಂಗಳ ಒಳಗೆ. ಈ ಅವಧಿ ಮೀರಿದರೆ ವಾರಂಟಿಗೆ ತಕರಾರು ತೆಗೆಯುತ್ತಾರೆ. ಅದಕ್ಕೇ ಪ್ರತಿ ಸರ್ವಿಸ್‌ಗೂ ಬಿಲ್ ಇಟ್ಟುಕೊಳ್ಳಿ.

ಆಷಾಢದಲ್ಲಿ ಹೋಗಿ

ಆಯುಧ ಪೂಜೆ, ವರಮಹಾಲಕ್ಷ್ಮಿ, ದೀಪಾವಳಿ ಹೊತ್ತಿಗೆ ಶೋರೂಮ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದೇ ದಿನ ಹತ್ತಾರು ಡೆಲಿವರಿ. ಗಾಡಿ ಕೊಡುವ ಮುಂಚಿನ ತಪಾಸಣೆಯೂ ಅವಸರದಲ್ಲಿ ಮುಗಿಯುತ್ತದೆ. ಆಷಾಢದಲ್ಲಿ ನಮ್ಮ ಕಡೆ ಹೆಚ್ಚಿನವರು ಗಾಡಿ ತೆಗೆದುಕೊಳ್ಳುವುದಿಲ್ಲ. ಆಗ ಹೋದರೆ ಮ್ಯಾನೇಜರ್ರೇ ಕೂತು ಮಾತಾಡುತ್ತಾರೆ, ಬಿಟ್ಟು ಕೊಡುವ ಮನಸ್ಸೂ ಇರುತ್ತದೆ. ಮನೆಯಲ್ಲಿ ಹಿರಿಯರು ಒಪ್ಪದಿದ್ದರೆ ಮಾತು, ಬುಕ್ಕಿಂಗ್ ಆಷಾಢದಲ್ಲಿ ಮುಗಿಸಿ, ಡೆಲಿವರಿಯನ್ನು ಶ್ರಾವಣಕ್ಕೆ ಇಟ್ಟುಕೊಳ್ಳಿ. ನಾವು ಮಾಡಿದ್ದೂ ಅದೇ. ಬುಕ್ಕಿಂಗ್ ರಸೀದಿಯಲ್ಲಿ ಮಾಡೆಲ್, ಬಣ್ಣ, ಒಪ್ಪಿದ ಬೆಲೆ, ಡೆಲಿವರಿ ದಿನ, ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನುವುದೆಲ್ಲ ಬರೆಸಿಕೊಂಡೆವು.

ಇಷ್ಟೆಲ್ಲ ಮಾಡಿಯೂ ಕೈ ಕೊಟ್ಟರೆ? ಮೊದಲು ಕಂಪನಿಗೆ ಇಮೇಲ್ ಬರೆಯಿರಿ. ಫೋನ್ ಮಾತಿಗೆ ದಾಖಲೆ ಇರುವುದಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೇ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. 2019ರ ಕಾಯ್ದೆ ಬಂದ ಮೇಲೆ ಒಂದು ದೊಡ್ಡ ಅನುಕೂಲ ಆಗಿದೆ. ಬೆಂಗಳೂರಲ್ಲಿ ಗಾಡಿ ತೆಗೆದುಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ಡೆಲಿವರಿ ದಿನ

ನಾವು ಕೊನೆಗೆ ತುಮಕೂರಿನಲ್ಲೇ ತೆಗೆದುಕೊಂಡೆವು. ಬೆಂಗಳೂರಿಗಿಂತ 1,800 ರೂಪಾಯಿ ಜಾಸ್ತಿ ಕೊಟ್ಟೆವು, ಗೊತ್ತಿದ್ದೇ ಕೊಟ್ಟೆವು. ಮೊದಲ ಎರಡು ಸರ್ವಿಸ್ ಅಲ್ಲಿ, ನಂತರದ್ದು ಊರಿನ ಅಧಿಕೃತ ಕೇಂದ್ರದಲ್ಲಿ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ದೊಡ್ಡ ಬೈಕ್, ಅಂದರೆ 350 ಸಿಸಿ ಮೇಲಿನದಾಗಿದ್ದರೆ ನಾನು ಇನ್ನೂ ದೂರ ಹೋಗಲೂ ಸಿದ್ಧನಿದ್ದೆ. ಅದರ ಕೆಲಸ ಬಲ್ಲವರು, ಅದರ ಸ್ಪೇರ್ ಇಡುವವರು ಕಡಿಮೆ.

ಶ್ರಾವಣದ ಒಂದು ಶುಕ್ರವಾರ ಅಮ್ಮನನ್ನೂ ಕರೆದುಕೊಂಡು ಹೋದೆವು. ಗಾಡಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದರು, ಟೈರ್ ಕೆಳಗೆ ನಿಂಬೆಹಣ್ಣೂ ಇಟ್ಟಿದ್ದರು. ಸೇಲ್ಸ್‌ನವರು ಕೀಲಿ ಕೈಗಿಟ್ಟು ಫೋಟೋಗೆ ಕರೆದರು. ತಮ್ಮ ಮಾತ್ರ ಬಗ್ಗಿ ಕೂತು, ಹ್ಯಾಂಡಲ್ ಹತ್ತಿರ ಕೊರೆದಿದ್ದ ಚಾಸಿ ನಂಬರನ್ನು ಬಿಲ್ ಜೊತೆ ಒಂದೊಂದೇ ಅಕ್ಷರ ಓದಿ ಸರಿ ನೋಡಿದ. ಆಮೇಲೆ ಇಂಜಿನ್ ನಂಬರ್. ಆಮೇಲೆ ವಿಮೆಯಲ್ಲಿ ಹೆಸರು, ನಾಮಿನಿ. ಓಡೋಮೀಟರ್‌ನಲ್ಲಿ 4 ಕಿಲೋಮೀಟರ್. ಟ್ಯಾಂಕ್ ಮೇಲೆ ಗೀರಿಲ್ಲ, ಎರಡೂ ಕೀಲಿ ಇದೆ, ಟೂಲ್ ಕಿಟ್ ಇದೆ, ನಂಬರ್ ಪ್ಲೇಟ್ ಹಾಕಿದ್ದಾರೆ. ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಮ್ಮ ಆರತಿ ತಟ್ಟೆ ಹಿಡಿದು ನಿಂತೇ ಇದ್ದರು. "ನಿಧಾನಕ್ಕೆ ನೋಡಪ್ಪ, ರಾಹುಕಾಲ ಇನ್ನೂ ದೂರ ಇದೆ" ಅಂದರು.